ಐರ್ಲೆಂಡಿನ ಗೆರೆಯೂ ಚಂದ್ರಗಿರಿಯ ನೀರೂ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಂಭ್ರಮದ ದಿನದಲ್ಲಿ ಪಂಪ ರನ್ನರನ್ನು ಕುರಿತೋ, ನಮ್ಮ ಕುಂಬಳೆ ಸೀಮೆಯ ಪಾರ್ತಿಸುಬ್ಬನನ್ನು ಕುರಿತೋ ನಾಲ್ಕು ಮಾತುಗಳನ್ನಾಡುವುದು ಕನ್ನಡದ ಅಧ್ಯಾಪಕನಾದವನಿಗೆ ಸಹಜವಾದುದು. ನಾನಾದರೋ ಕಡಲಾಚೆಯ ಐರ್ಲೆಂಡೆಂಬ ದ್ವೀಪದ ಮಾತನ್ನು ತೆಗೆದುಕೊಂಡು ತಮ್ಮ ಮುಂದೆ ನಿಂತಿದ್ದೇನೆ. ಮೀಂಜದ ಸಭೆಗೂ ಐರ್ಲೆಂಡಿಗೂ ಏನು ಸಂಬಂಧವೆಂದು ತಾವು ಹುಬ್ಬೇರಿಸುವುದಕ್ಕೆ ಮುಂಚೆ ಇದಕ್ಕೆ ಕಾರಣವಾದ ಸಣ್ಣದೊಂದು ಪ್ರಸಂಗವನ್ನು ಬಿನ್ನವಿಸಿಕೊಳ್ಳುತ್ತೇನೆ.

ಕೆಲವು ಕಾಲದ ಹಿಂದೆ ತರಗತಿಯಲ್ಲಿ ಕುವೆಂಪು ಅವರ ಜೀವನವನ್ನು ಹೇಳುತ್ತಿದ್ದೆ. 1924ರಲ್ಲಿ, ಅವರಿನ್ನೂ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ತಾವು ಬರೆದ ಇಂಗ್ಲಿಷ್ ಕವಿತೆಗಳನ್ನು ಜೇಮ್ಸ್ ಕಸಿನ್ಸ್ ಎಂಬ ಕವಿಗೆ ತೋರಿಸಿದರು. ಕಸಿನ್ಸರು ಅವನ್ನು ಓದಿ, ನಿಮ್ಮ ಭಾಷೆಯಲ್ಲಿ ಏನನ್ನಾದರೂ ಬರೆದಿದ್ದೀರಾ ಎಂದು ಕೇಳಿದರಂತೆ. ಪರಭಾಷೆಯಲ್ಲಿ ಬರೆದು ದೊಡ್ಡವರಾಗುವುದು ಕಷ್ಟ, ತಾಯ್ನುಡಿಯಲ್ಲಿ ಬರೆಯಿರಿ ಎಂದು ಹಿತ ಹೇಳಿದರಂತೆ. ತರುಣ ಪುಟ್ಟಪ್ಪನವರಿಗೆ ಆ ಮಾತು ಮೊದಲು ಹಿಡಿಸಲಿಲ್ಲ. ಆದರೆ ಆ ಮೇಲೆ ಬೇಗನೆ ಕನ್ನಡದ ಕವಿತೆ ಹೊಮ್ಮಿತು. ಮುಂದಿನದು ತಮಗೆಲ್ಲ ತಿಳಿದುದೇ.

ಇಷ್ಟನ್ನು ಹೇಳಿ ಮುಗಿಸುವಾಗ ಒಬ್ಬ ಹುಡುಗಿ ಎದ್ದು, “ಇಂಗ್ಲಿಷಿನವನೇ ಇಂಗ್ಲಿಷ್ ಬೇಡವೆಂದನೇ ಸರ್?” ಎಂದಳು. “ಆತ ಇಂಗ್ಲಿಷಿನವನಲ್ಲ ಮಗಾ, ಐರ್ಲೆಂಡಿನವನು” ಎಂದೆ. “ಇಬ್ಬರೂ ಮಾತಾಡುವುದು ಇಂಗ್ಲಿಷೇ ಅಲ್ಲವೆ? ಮತ್ತೆ ಭೇದವೇನು?” ಎಂದು ಮರುಪ್ರಶ್ನೆ ಬಂತು.

ಆ ಪ್ರಶ್ನೆಗೆ ಗಂಟೆ ಬಾರಿಸುವುದರೊಳಗೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಇಂದಿನ ಈ ಭಾಷಣವು ಆ ಹುಡುಗಿಗೆ ಸಲ್ಲಬೇಕಾಗಿದ್ದ ಉತ್ತರ. ಅವಳು ಈ ಸಭೆಯಲ್ಲಿದ್ದಾಳೆ.

ಮೊದಲು ಕಸಿನ್ಸ್ ದಂಪತಿಗಳ ಮಾತು. ಜೇಮ್ಸ್ ಕಸಿನ್ಸರು ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟಿನಲ್ಲಿ. ಆನಿ ಬೆಸೆಂಟರ ಕರೆಯ ಮೇರೆಗೆ 1915ರಲ್ಲಿ ಪತ್ನೀಸಮೇತರಾಗಿ ಭಾರತಕ್ಕೆ ಬಂದರು. ಪತ್ನಿ ಮಾರ್ಗರೆಟ್ ಕಸಿನ್ಸರು 1919-20ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ರಾಷ್ಟ್ರೀಯ ಬಾಲಿಕಾ ಶಾಲೆಯ ಪ್ರಥಮ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಐರ್ಲೆಂಡಿನಲ್ಲಿ ಸೆರೆಮನೆ ಕಂಡ ಆ ಮಹಿಳೆ, 1932ರಲ್ಲಿ ಭಾರತದ ಸ್ವಾತಂತ್ರ್ಯಕ್ಕಾಗಿ ವೆಲ್ಲೂರಿನ ಸೆರೆಮನೆಯನ್ನೂ ಕಂಡರು. ಜೇಮ್ಸರು ಮುಂದೆ ತಿರುವಾಂಕೂರು ಸರಕಾರದ ಕಲಾಸಲಹೆಗಾರರಾದರು. 1935ರಲ್ಲಿ ತಿರುವನಂತಪುರದಲ್ಲಿ ತೆರೆದ ಚಿತ್ರಶಾಲೆಯ ಹಿಂದೆ ಅವರ ದುಡಿಮೆಯಿದೆ. ಕನ್ನಡದ ಮಹಾಕವಿಗೆ ಕನ್ನಡದ ದಾರಿಯನ್ನು ತೋರಿದವರೂ ಕೇರಳಕ್ಕೆ ಚಿತ್ರಶಾಲೆಯನ್ನು ಕಟ್ಟಿಕೊಟ್ಟವರೂ ಒಬ್ಬರೇ ಐರಿಷರು. ಕೇರಳದಲ್ಲಿದ್ದು ಕನ್ನಡವನ್ನು ಬಾಳುತ್ತಿರುವ ನಾವು ಆ ಪುಣ್ಯಾತ್ಮನನ್ನು ಇಮ್ಮಡಿಯಾಗಿ ನೆನೆಯತಕ್ಕುದು.

ತಾಯ್ನುಡಿಯ ಮಾತನ್ನು ಕಸಿನ್ಸರು ಏಕೆ ಅಷ್ಟು ದೃಢವಾಗಿ ಹೇಳಿದರು? ಅವರ ನಾಡು ತನ್ನ ಭಾಷೆಯನ್ನು ಬಹುಮಟ್ಟಿಗೆ ಕಳೆದುಕೊಂಡಿತ್ತು. ಕಳೆದುಕೊಂಡವನಿಗೆ ಒಡವೆಯ ಬೆಲೆ ತಿಳಿಯುತ್ತದೆ.

ಐರ್ಲೆಂಡು ಇಂಗ್ಲೆಂಡಿನ ಪಕ್ಕದ ದ್ವೀಪ. ಅಲ್ಲಿ ಇಂಗ್ಲಿಷ್ ಅರಸರ ಕೈ ಚಾಚಿದ್ದು 12ನೆಯ ಶತಮಾನದಲ್ಲಿ. ಅದು ಬಿಗಿಯಾಗಿ ಹಿಡಿದದ್ದು 16, 17ನೆಯ ಶತಮಾನಗಳಲ್ಲಿ. 1609ರ ಅನಂತರ ಉತ್ತರದ ಅಲ್‌ಸ್ಟರ್ ಪ್ರಾಂತದಲ್ಲಿ ಐರಿಷರ ಭೂಮಿಯನ್ನು ಕಸಿದು ಸ್ಕಾಟ್ಲೆಂಡು, ಇಂಗ್ಲೆಂಡುಗಳಿಂದ ಬಂದ ಪ್ರಾಟೆಸ್ಟೆಂಟರನ್ನು ನೆಲೆಗೊಳಿಸಿದರು. ಐರಿಷರು ಹೆಚ್ಚಿನವರು ಕೆಥೊಲಿಕರು. 1801ರಿಂದ ಐರ್ಲೆಂಡಿನ ಸ್ವಂತ ಶಾಸನಸಭೆಯೂ ಇಲ್ಲವಾಗಿ ಲಂಡನ್ನಿನ ಆಳ್ವಿಕೆಯೇ ನೇರವಾಗಿ ಬಂತು. 1831ರಲ್ಲಿ ಏರ್ಪಟ್ಟ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ಒಂದು ಕೋಲನ್ನು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಅದರಲ್ಲೊಂದು ಗೀರು ಹಾಕಿ, ಗೀರಿನ ಲೆಕ್ಕದಲ್ಲಿ ಶಿಕ್ಷಿಸುವ ಪದ್ಧತಿ ಕೆಲವೆಡೆಗಳಲ್ಲಿ ಇತ್ತು. ಇದರಲ್ಲಿ ದುಃಖದ ಸಂಗತಿಯೇನೆಂದರೆ ಗೀರು ಹಾಕಿದವರು ಬರಿಯ ಅಧ್ಯಾಪಕರಲ್ಲ, ತಂದೆತಾಯಿಗಳೂ ಅದರಲ್ಲಿ ಸೇರಿದ್ದರು. ಮಗನು ಇಂಗ್ಲಿಷ್ ಕಲಿತರೆ ಹಡಗು ಹತ್ತಿ ಅಮೆರಿಕಕ್ಕಾದರೂ ಹೋಗಿ ಬದುಕಿಯಾನು ಎಂಬ ಆಸೆ ಅವರದು. ಆಳುವವರ ಬಲಾತ್ಕಾರವೊಂದೇ ಭಾಷೆಯನ್ನು ಅಳಿಸಲಿಲ್ಲ. ಹೊಟ್ಟೆಯ ಭಯವೂ ಅದಕ್ಕೆ ಕೈ ನೀಡಿತು.

ಆ ಮೇಲೆ ಬಂದದ್ದು ಮಹಾಕ್ಷಾಮ. 1845ರಲ್ಲಿ ಬಟಾಟೆಯ ಬೆಳೆಗೆ ರೋಗ ತಗಲಿತು. ಬಡವರಿಗೆ ಬಟಾಟೆಯಲ್ಲದೆ ಬೇರೆ ಅನ್ನವಿರಲಿಲ್ಲ. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರ ಗಣತಿಯಲ್ಲಿ ಸುಮಾರು 65 ಲಕ್ಷಕ್ಕಿಳಿಯಿತು. ಹತ್ತು ಲಕ್ಷದಷ್ಟು ಜನ ಸತ್ತರು. ಅಷ್ಟೇ ಜನ ಊರು ಬಿಟ್ಟರು. ಸತ್ತವರಲ್ಲಿಯೂ ಹೋದವರಲ್ಲಿಯೂ ಹೆಚ್ಚಿನವರು ಪಶ್ಚಿಮದ ಬಡ ಐರಿಷ್ ಭಾಷಿಕರು. ಭಾಷೆಯ ಬೆನ್ನೆಲುಬು ಅಲ್ಲಿ ಮುರಿಯಿತು.

ಇಲ್ಲಿಯ ವರೆಗೆ ಹೇಳಿದುದು ನಡೆದ ಸಂಗತಿ. ಇನ್ನು, ಅದಕ್ಕೆ ಹೊಣೆ ಯಾರು ಎಂಬುದರಲ್ಲಿ ಚರಿತ್ರಕಾರರ ಜಗಳ ಆರಂಭವಾಗುತ್ತದೆ. ರೋಗವನ್ನು ತಂದದ್ದು ದೈವವಾದರೂ ಕ್ಷಾಮವನ್ನು ತಂದವರು ಇಂಗ್ಲಿಷರೇ, ಜನ ಸಾಯುತ್ತಿರುವಾಗಲೂ ಧಾನ್ಯ ದನಗಳು ಹಡಗೇರಿ ಹೋಗುತ್ತಿದ್ದುವು ಎಂಬುದು ರಾಷ್ಟ್ರೀಯ ಪಕ್ಷದವರ ವಾದ. 1938ರಲ್ಲಿ ಐರ್ಲೆಂಡಿನ ಹೊಸ ವಿದ್ವಾಂಸರು ಒಂದು ಸಂಶೋಧನ ಪತ್ರಿಕೆಯನ್ನು ತೊಡಗಿದರು. ಪುರಾಣವನ್ನು ಬಿಡೋಣ, ಕಡತವನ್ನು ನೋಡೋಣ ಎಂಬುದು ಅವರ ಹಟ. ವ್ಯಾಪಾರಕ್ಕೆ ಸರಕಾರ ಕೈಹಾಕಬಾರದೆಂಬ ಆ ಕಾಲದ ಅರ್ಥಶಾಸ್ತ್ರ, ಆಡಳಿತದ ಅಶಕ್ತಿ, ರೋಗದ ಉಗ್ರತೆ ಇವೆಲ್ಲವನ್ನೂ ತೂಗಿ ನೋಡಬೇಕೆಂದು ಆ ಪಂಥದವರು ಹೇಳಿದರು. 1989ರಲ್ಲಿ ಬ್ರೆಂಡನ್ ಬ್ರಾಡ್‌ಶಾ ಎಂಬ ಮತ್ತೊಬ್ಬ ವಿದ್ವಾಂಸರು ಇದನ್ನು ಆಕ್ಷೇಪಿಸಿದರು. ನಿಷ್ಪಕ್ಷಪಾತದ ಹೆಸರಿನಲ್ಲಿ ಜನರ ಸಂಕಟವನ್ನೇ ನೀವು ಅಳಿಸಿಬಿಟ್ಟಿರಿ ಎಂಬುದು ಅವರ ಮಾತಿನ ಸಾರ. ಈ ವಿವಾದ ಇನ್ನೂ ಮುಗಿದಿಲ್ಲ.

ಈ ಕಥೆಯ ಒಬ್ಬ ಪಾತ್ರಧಾರಿ ನಮಗೂ ಸಂಬಂಧಪಟ್ಟವನು. ಕ್ಷಾಮಕಾಲದ ಪರಿಹಾರದ ಹಣವನ್ನು ಲಂಡನ್ನಿನಲ್ಲಿ ಕುಳಿತು ನಿಯಂತ್ರಿಸುತ್ತಿದ್ದವನು ಚಾರ್ಲ್ಸ್ ಟ್ರೆವೆಲಿಯನ್. ಐರಿಷರ ಜನಪದದಲ್ಲಿ ಅವನು ಕಟುಹೃದಯಿ. ಇಂಗ್ಲೆಂಡಿನ ಆಡಳಿತ ಚರಿತ್ರೆಯಲ್ಲಿ ಅವನು ಸರಕಾರಿ ನೌಕರಿಗೆ ಪರೀಕ್ಷೆಯ ಮೂಲಕ ಆಯ್ಕೆಯಾಗಬೇಕೆಂದು 1854ರಲ್ಲಿ ಸೂಚಿಸಿದ ಸುಧಾರಕ. ಅದೇ ಟ್ರೆವೆಲಿಯನ್ 1859ರಲ್ಲಿ ಮದ್ರಾಸಿನ ಗವರ್ನರನಾಗಿ ಬಂದ. ಆಗ ಮೀಂಜವೂ ಕುಂಬಳೆಯೂ ಮದ್ರಾಸಿಗೆ ಸೇರಿದ್ದುವು. ಕೆನರಾ ಜಿಲ್ಲೆ ಉತ್ತರ ದಕ್ಷಿಣಗಳೆಂದು ಎರಡಾದದ್ದೂ ಆ ವರುಷಗಳಲ್ಲಿಯೇ. ಕಲ್ಕತ್ತೆಯಲ್ಲಿ ಹೊಸ ತೆರಿಗೆಗಳನ್ನು ಹೇರಲು ಹೊರಟಾಗ, ಮದ್ರಾಸಿನ ಜನರ ಮೇಲೆ ಈ ಹೊರೆ ಸಲ್ಲದೆಂದು ಅವನು ಬಹಿರಂಗವಾಗಿ ವಿರೋಧಿಸಿ, 1860ರಲ್ಲಿ ಪದವಿಯನ್ನೇ ಕಳೆದುಕೊಂಡ. ಒಂದು ನಾಡಿಗೆ ಕ್ರೂರಿ, ಒಂದು ನಾಡಿಗೆ ಸುಧಾರಕ, ಒಂದು ನಾಡಿಗೆ ಜನಪಕ್ಷಪಾತಿ. ಮೂರೂ ಒಬ್ಬನೇ ಮನುಷ್ಯನ ಮುಖಗಳು. ಯಾವ ಒಂದನ್ನು ಮಾತ್ರ ಹೇಳಿದರೂ ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ನಮ್ಮ ಸೀಮೆಯಲ್ಲಿಯೂ ಇಂತಹುದುಂಟು. ಟಿಪ್ಪುವಿನ ಪತನವಾದ 1799ರಲ್ಲಿ ಕೆನರಾ ಕಂಪೆನಿಯ ಕೈಗೆ ಬಂತು. ತೋಮಸ್ ಮನ್ರೋ ಮೊದಲ ಕಲೆಕ್ಟರನಾದ. 1834ರಲ್ಲಿ ಕೊಡಗನ್ನು ಕಂಪೆನಿ ನುಂಗಿದಾಗ, ಕೊಡಗರಸರ ಕೈಕೆಳಗಿದ್ದ ಸುಳ್ಯದ ಸೀಮೆ ಕೆನರಾಕ್ಕೆ ಸೇರಿತು. ಬೆಳೆಯಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದಲ್ಲಿ ಕೊಡಿರೆಂದರು. 1837ರಲ್ಲಿ ರೈತರು ದಂಗೆಯೆದ್ದರು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದರು. ನಮ್ಮ ಕುಂಬಳೆಯ ಸುಬ್ರಾಯ ಹೆಗ್ಡೆಯ ಹೆಸರೂ ಆ ನಾಯಕರಲ್ಲಿ ಕೇಳಿಬರುತ್ತದೆ. ಕಂಪೆನಿಯ ಸೈನ್ಯ ಬಂದು ಮಂಗಳೂರನ್ನು ಮರಳಿ ಪಡೆಯಿತು, ನಾಯಕರನ್ನು ನೇಣಿಗೇರಿಸಿದರು.

ಈ ಸಂಗತಿಗೆ ನಮ್ಮ ಅಜ್ಜಂದಿರು ಇಟ್ಟ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿಯೆಂದರೆ ಲೂಟಿ, ದಾಂಧಲೆ. ಇಂದು ನಾವು ಅದನ್ನು ಅಮರಸುಳ್ಯದ ಸ್ವಾತಂತ್ರ್ಯ ಸಮರವೆನ್ನುತ್ತೇವೆ; 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯನ್ನು ನಿಲ್ಲಿಸಿದ್ದೇವೆ. ಆದರೆ ಅದೇ ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿ ಚಿನ್ನ ಬೆಳ್ಳಿಯ ಪದಕಗಳನ್ನು ಹಂಚಿತ್ತೆಂಬುದನ್ನೂ ಆ ಪದಕಗಳ ಮೇಲೆ ಕನ್ನಡದ ಅಕ್ಷರಗಳಿದ್ದುವೆಂಬುದನ್ನೂ ಮರೆಯಬಾರದು. ಎರಡು ಕಡೆಯಲ್ಲಿಯೂ ಇದ್ದವರು ನಮ್ಮವರೇ. ಐರ್ಲೆಂಡಿನ ಉತ್ತರದಲ್ಲಿ ಒಂದು ಪಟ್ಟಣವುಂಟು: ಒಂದು ಪಕ್ಷದವರು ಅದನ್ನು ಡೆರ್ರಿ ಎನ್ನುತ್ತಾರೆ, ಇನ್ನೊಂದು ಪಕ್ಷದವರು ಲಂಡನ್‌ಡೆರ್ರಿ ಎನ್ನುತ್ತಾರೆ. ಊರ ಹೆಸರನ್ನು ನುಡಿದ ಮಾತ್ರಕ್ಕೆ ನೀನು ಯಾರ ಕಡೆಯವನೆಂದು ಗೊತ್ತಾಗುತ್ತದೆ. ಕಾಟಕಾಯಿ, ಸಮರ ಎಂಬ ನಮ್ಮ ಎರಡು ಮಾತುಗಳೂ ಅಂತಹವೇ.

ಮಹನೀಯರೇ, ಇನ್ನು ಗಡಿಯ ಮಾತು. ಇದು ನಮ್ಮ ಗಾಯದ ಮಾತು.

ಐರ್ಲೆಂಡಿನಲ್ಲಿ 1916ರ ಬಂಡಾಯವೂ ಅನಂತರದ ಯುದ್ಧವೂ ನಡೆದು, ಇಂಗ್ಲೆಂಡು 1921ರಲ್ಲಿ ದ್ವೀಪವನ್ನು ಎರಡಾಗಿ ಸೀಳಿತು. ಪ್ರಾಟೆಸ್ಟೆಂಟರು ಹೆಚ್ಚಾಗಿದ್ದ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನೊಡನೆ ಉಳಿದುವು. ಆ ಆರರಲ್ಲಿ ಟೈರೋನ್, ಫರ್ಮನಾ ಎಂಬ ಎರಡು ಜಿಲ್ಲೆಗಳಲ್ಲಿ ಕೆಥೊಲಿಕರೇ ಅಧಿಕ. ನಮ್ಮನ್ನು ಕೇಳದೆ ಗೆರೆ ಎಳೆದಿರಿ ಎಂದು ಅವರು ಗೋಳಿಟ್ಟರು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೆ? ಆದರೂ ಅದೇ ವರ್ಷದ ಡಿಸೆಂಬರಿನ ಒಪ್ಪಂದದಲ್ಲಿ ಗಡಿ ಆಯೋಗವೊಂದನ್ನು ನೇಮಿಸುವ ಮಾತು ಸೇರಿತು. ನಿವಾಸಿಗಳ ಇಚ್ಛೆಗೆ ಅನುಗುಣವಾಗಿ, ಆದರೆ ಭೂಗೋಳ ಮತ್ತು ಆರ್ಥಿಕ ಸ್ಥಿತಿಗಳಿಗೆ ಹೊಂದುವ ಮಟ್ಟಿಗೆ ಗಡಿಯನ್ನು ತಿದ್ದುವುದು ಅದರ ಕೆಲಸ.

ಆಯೋಗದ ಅಧ್ಯಕ್ಷರು ದಕ್ಷಿಣ ಆಫ್ರಿಕದ ನ್ಯಾಯಾಧೀಶ ಫೀತಮ್. ದಕ್ಷಿಣದ ಪರವಾಗಿ ಕುಳಿತವರು ಓಯಿನ್ ಮ್ಯಾಕ್‌ನೀಲ್ ಎಂಬ ಮಹಾ ವಿದ್ವಾಂಸರು; 1893ರಲ್ಲಿ ಡಗ್ಲಸ್ ಹೈಡರೊಡನೆ ಐರಿಷ್ ಭಾಷೆಯ ಉದ್ಧಾರಕ್ಕಾಗಿ ಗೇಲಿಕ್ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಆದರೆ ಸಣ್ಣಪುಟ್ಟ ತಿದ್ದುಪಡಿಗಿಂತ ಹೆಚ್ಚಿನ ಅಧಿಕಾರ ಆಯೋಗಕ್ಕಿಲ್ಲವೆಂದು ಅಧ್ಯಕ್ಷರು ಅರ್ಥಮಾಡಿದರು. 1925ರ ನವೆಂಬರದಲ್ಲಿ ವರದಿಯ ಗುಟ್ಟು ಪತ್ರಿಕೆಯೊಂದರಲ್ಲಿ ಹೊರಬಿತ್ತು, ಗದ್ದಲವಾಯಿತು, ಮ್ಯಾಕ್‌ನೀಲರು ರಾಜೀನಾಮೆಯಿತ್ತರು. ಡಿಸೆಂಬರ 3ರಂದು ಮೂರು ಸರಕಾರಗಳು ಸೇರಿ, ಗಡಿ ಇದ್ದಂತೆಯೇ ಇರಲಿ ಎಂದು ಒಪ್ಪಿ ವರದಿಯನ್ನು ಮುಚ್ಚಿಟ್ಟುವು. ಅದು ಅಚ್ಚಾಗಿ ಹೊರಬಂದದ್ದು 1969ರಲ್ಲಿ.

ಇದನ್ನು ಕೇಳುವಾಗ ತಮಗೆ ಏನೋ ಪರಿಚಿತವಾದುದನ್ನು ಕೇಳಿದಂತಾಗುತ್ತಿಲ್ಲವೆ?

1953ರ ಕೊನೆಯಲ್ಲಿ ಭಾರತ ಸರಕಾರ ರಾಜ್ಯ ಪುನರ್ವಿಂಗಡಣ ಆಯೋಗವನ್ನು ನೇಮಿಸಿತು. ಫಜಲ್ ಅಲಿ ಅಧ್ಯಕ್ಷರು. ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಸದಸ್ಯರು. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸತಕ್ಕುದೆಂದು 1955ರ ವರದಿ ಹೇಳಿತು. 1956ರ ನವೆಂಬರ 1ರಂದು ಸೇರಿಸಿಯೂ ಆಯಿತು. ಕನ್ನಡ ನಾಡು ಒಂದಾಯಿತೆಂದು ಉಳಿದವರು ದೀಪ ಹಚ್ಚಿದ ದಿನವೇ ನಮ್ಮ ಮನೆಗಳಲ್ಲಿ ದೀಪ ಮಂಕಾಯಿತು. ರಾಷ್ಟ್ರಕವಿ ಗೋವಿಂದ ಪೈಗಳು ಮಂಜೇಶ್ವರದಲ್ಲಿ ಕುಳಿತು ನೊಂದರು. 1963ರಲ್ಲಿ ಆ ನೋವಿನಲ್ಲಿಯೇ ಕಣ್ಮುಚ್ಚಿದರು. ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ನೂರು ವರ್ಷಗಳ ಬಾಳಿನ ಕಡೆಯ ವರೆಗೂ, ಅಂದರೆ 2015ರ ವರೆಗೂ, ಈ ಕೂಗನ್ನು ನಿಲ್ಲಿಸಲಿಲ್ಲ. 1957ರ ಪ್ರಥಮ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆರಿಸಿಬಂದರು. ಹೋರಾಟದಲ್ಲಿ ಜೀವ ತೆತ್ತವರೂ ಉಂಟು, ಅವರಿಗೆ ತಲೆಬಾಗುತ್ತೇನೆ. 1966ರ ಅಕ್ಟೋಬರದಲ್ಲಿ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಏಕಸದಸ್ಯ ಆಯೋಗದ ನೇಮಕವಾಯಿತು. 1967ರ ಆಗಸ್ಟಿನಲ್ಲಿ, ಚಂದ್ರಗಿರಿ ಪಯಸ್ವಿನಿಗಳ ಉತ್ತರದ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರತಕ್ಕುದೆಂದು ಅವರು ಸಲಹೆಯಿತ್ತರು. ಆ ವರದಿ ಕಾರ್ಯರೂಪಕ್ಕೆ ಬರಲಿಲ್ಲ.

ಇಲ್ಲಿಯೂ ಎರಡು ಚರಿತ್ರೆಗಳು ಉಂಟು. ನಮ್ಮ ಚರಿತ್ರೆಯನ್ನು ನಾವು ಚೆನ್ನಾಗಿ ಬಲ್ಲೆವು. ಕೆಳದಿಯ ಅರಸರು ಚಂದ್ರಗಿರಿಯಲ್ಲಿಯೂ ಬೇಕಲದಲ್ಲಿಯೂ ಕೋಟೆ ಕಟ್ಟಿದರು. ಕುಂಬಳೆ ಸೀಮೆಯ ಯಕ್ಷಗಾನ, ಕಾಗದಪತ್ರ, ಶಾಲೆ ಎಲ್ಲವೂ ಕನ್ನಡ. ಮಲಯಾಳದ ಎಲ್ಲೆ ಚಂದ್ರಗಿರಿಯೆಂಬುದು ಹಿಂದಿನಿಂದ ಬಂದ ಮಾತು. ಇದಾವುದೂ ಸುಳ್ಳಲ್ಲ. ಆದರೆ ನಮ್ಮ ಮಲಯಾಳಿ ನೆರೆಯವರ ಚರಿತ್ರೆಯನ್ನು ಅವರ ಬಾಯಿಂದಲೇ ಕೇಳಬೇಕು. ಕೋಲತ್ತಿರಿ ಅರಸರ ಆಳ್ವಿಕೆ, ನೀಲೇಶ್ವರದ ಪರಂಪರೆ, ತೆಯ್ಯಂ, ನದಿಯ ದಕ್ಷಿಣಕ್ಕೆ ಮನೆಮನೆಯ ಮಲಯಾಳ, ತಾಲೂಕಿನ ಒಟ್ಟು ಗಣತಿಯಲ್ಲಿ ಮಲಯಾಳಿಗಳ ಬಹುಸಂಖ್ಯೆ. ಇವೂ ಸುಳ್ಳಲ್ಲ. ಕನ್ನಡ ಶಾಲೆಯಲ್ಲಿ ಓದಿ ಮಲಯಾಳದಲ್ಲಿ ಕವಿಯಾದ ತಳಂಗರೆಯ ಟಿ. ಉಬೈದ್ ಅಂತಹವರನ್ನು ಯಾವ ಚರಿತ್ರೆಯಲ್ಲಿ ಸೇರಿಸೋಣ?

ಜಗಳದ ತಿರುಳು ಎಲ್ಲಿದೆಯೆಂದರೆ ಎಣಿಕೆಯ ರೀತಿಯಲ್ಲಿ. ತಾಲೂಕನ್ನು ಒಂದಾಗಿ ಎಣಿಸಿದರೆ ಒಂದು ಉತ್ತರ. ಚಂದ್ರಗಿರಿಯ ಉತ್ತರವನ್ನು ಬೇರೆಯಾಗಿ, ಗ್ರಾಮಗ್ರಾಮವಾಗಿ ಎಣಿಸಿದರೆ ಇನ್ನೊಂದು ಉತ್ತರ. ಐರ್ಲೆಂಡಿನಲ್ಲಿಯೂ ಆರು ಜಿಲ್ಲೆಗಳನ್ನು ಒಂದಾಗಿ ಎಣಿಸಿದುದರಿಂದ ಒಂದು ಉತ್ತರ ಬಂತು. ಟೈರೋನನ್ನು ಬೇರೆಯಾಗಿ ಎಣಿಸಿದ್ದರೆ ಇನ್ನೊಂದು ಬರುತ್ತಿತ್ತು. ನಮ್ಮಲ್ಲಿ ಮತ್ತೊಂದು ತೊಡಕು. ಈ ಸಭೆಯಲ್ಲಿರುವವರಲ್ಲಿ ಮನೆಯಲ್ಲಿ ಕನ್ನಡವನ್ನೇ ಮಾತಾಡುವವರು ಎಷ್ಟು ಮಂದಿ? ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ನಮ್ಮ ಒಲೆಯ ಮುಂದಿನ ನುಡಿಗಳು ಹಲವು. ಓದು ಬರಹಕ್ಕೆ ಮಾತ್ರ ಎಲ್ಲರಿಗೂ ಕನ್ನಡ. ಹಾಗಿರುವಾಗ ತುಳುವನು ಕನ್ನಡಿಗನೆ, ಅಲ್ಲವೆ? ಗಣತಿಯ ಕಾಗದದಲ್ಲಿ ಅದಕ್ಕೆ ಬೇರೆ ಕಲಮು. ನಮ್ಮ ಅನುಭವದಲ್ಲಿ ಅವನು ಕನ್ನಡ ಶಾಲೆಯ ಬೆಂಚಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತವನು. ಎಣಿಕೆಯ ಘಟಕವನ್ನು ಗೊತ್ತುಮಾಡಿದವನು ಅರ್ಧ ತೀರ್ಪನ್ನು ಆಗಲೇ ಕೊಟ್ಟಂತಾಯಿತು. ಇದನ್ನು ನಮ್ಮ ಮಕ್ಕಳಿಗೆ ಕಲಿಸಬೇಕು, ದ್ವೇಷವನ್ನಲ್ಲ.

ದ್ವೇಷದ ಫಲವನ್ನು ನೋಡಲು ಮತ್ತೆ ಐರ್ಲೆಂಡಿಗೆ ಹೋಗಬೇಕು. 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ಅಲ್ಲಿ ಗುಂಡು ಬಾಂಬುಗಳ ಆಟವಾಯಿತು. 3,500ಕ್ಕೂ ಹೆಚ್ಚು ಮಂದಿ ಸತ್ತರು. ಒಂದೇ ಬೀದಿಯ ಎರಡು ಬದಿಯ ಮಕ್ಕಳು ಎರಡು ಬೇರೆ ಶಾಲೆಗಳಲ್ಲಿ ಎರಡು ಬೇರೆ ಚರಿತ್ರೆಗಳನ್ನು ಓದಿ ಬೆಳೆದಿದ್ದರು. 1998ರ ಒಪ್ಪಂದದಲ್ಲಿ ಒಂದು ವಿವೇಕದ ಮಾತನ್ನು ಸೇರಿಸಿದರು: ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದವನು ತನ್ನನ್ನು ಐರಿಷನೆಂದೋ ಬ್ರಿಟಿಷನೆಂದೋ ಎರಡೂ ಎಂದೋ ಕರೆದುಕೊಳ್ಳಲು ಹಕ್ಕುಳ್ಳವನು. ಎರಡೂ ಎಂಬ ಆ ಒಂದು ಮಾತಿಗಾಗಿ ಎಷ್ಟೊಂದು ರಕ್ತ ಹರಿಯಬೇಕಾಯಿತು! ನಾವು ಕೇರಳದ ಪ್ರಜೆಗಳು, ನಾವು ಕನ್ನಡಿಗರು. ಒಂದನ್ನು ಹೇಳಿದರೆ ಇನ್ನೊಂದಕ್ಕೆ ದ್ರೋಹವಾಗಬೇಕಾಗಿಲ್ಲ. ಹಾಗೆಯೇ, ಮಲಯಾಳ ಕಲಿಯುವುದರಲ್ಲಿ ಅವಮಾನವಿಲ್ಲ. ಕನ್ನಡವನ್ನು ಬಿಡಿಸಿ ಮಲಯಾಳ ಕಲಿಸುವುದರಲ್ಲಿ ಅನ್ಯಾಯವುಂಟು. 2017ರಲ್ಲಿ ಎಲ್ಲ ಶಾಲೆಗಳಲ್ಲಿಯೂ ಮಲಯಾಳ ಕಡ್ಡಾಯವೆಂಬ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಈ ಭೇದವನ್ನು ತಿಳಿಸುವುದಕ್ಕಾಗಿ. ಕನ್ನಡ ಬಾರದವರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕವಾಗಿ ಬಂದಾಗ ಮಕ್ಕಳೇ ಪ್ರತಿಭಟಿಸಬೇಕಾಯಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಊರ ಹೆಸರುಗಳು ಮಂಜೇಶ್ವರಂ ಎಂದೂ ಕುಂಬಳ ಎಂದೂ ಬರೆಯಲ್ಪಡುವಾಗ ನಮಗೆ ಕಸಿವಿಸಿಯಾಗುತ್ತದೆ. 2021ರಲ್ಲಿ ಈ ಬಗ್ಗೆ ಗದ್ದಲವೆದ್ದು, ಹೆಸರು ಬದಲಿಸುವ ನಿರ್ಧಾರವಿಲ್ಲವೆಂದು ಕೇರಳ ಸರಕಾರ ತಿಳಿಸಿತು. ನ್ಯಾಯವಾದ ಹಕ್ಕನ್ನು ಸಂವಿಧಾನ ಕೊಟ್ಟ ದಾರಿಯಲ್ಲಿ ಕೇಳುತ್ತಲೇ ಇರೋಣ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಹೇಳುವ 350-ಎ ವಿಧಿ ಯಾರ ಭಿಕ್ಷೆಯೂ ಅಲ್ಲ.

ಆದರೆ ನಾನು ತಮ್ಮ ಮುಂದಿಡಬೇಕೆಂದಿರುವ ಮುಖ್ಯ ವಿಚಾರ ಇನ್ನೂ ಮುಂದಿದೆ. ಅದು ಸ್ವಲ್ಪ ಕಹಿಯಾದುದು, ಹಿರಿಯರು ಕ್ಷಮಿಸಬೇಕು.

ನಾವು ಕರ್ನಾಟಕದಲ್ಲಿದ್ದಿದ್ದರೆ ಕನ್ನಡ ತಾನಾಗಿ ಉಳಿಯುತ್ತಿತ್ತೆಂದು ನಂಬಿದ್ದೇವೆ. ಐರ್ಲೆಂಡಿಗೆ ಸ್ವಂತ ರಾಜ್ಯ ಸಿಕ್ಕಿತು. 1937ರ ಸಂವಿಧಾನದಲ್ಲಿ ಐರಿಷ್ ಪ್ರಥಮ ಅಧಿಕೃತ ಭಾಷೆಯಾಯಿತು. ಗೇಲಿಕ್ ಸಂಘದ ಡಗ್ಲಸ್ ಹೈಡರೇ 1938ರಲ್ಲಿ ಮೊದಲ ರಾಷ್ಟ್ರಾಧ್ಯಕ್ಷರಾದರು. ಶಾಲೆಗಳಲ್ಲಿ ಐರಿಷ್ ಕಡ್ಡಾಯ. ಇಷ್ಟೆಲ್ಲ ಇದ್ದೂ 2022ರ ಗಣತಿಯಲ್ಲಿ ಕಂಡದ್ದೇನು? ಐರಿಷ್ ಬಲ್ಲೆನೆಂದವರು ಸುಮಾರು 18 ಲಕ್ಷ 74 ಸಾವಿರ. ಶಾಲೆಯ ಹೊರಗೆ ದಿನನಿತ್ಯ ಅದನ್ನು ಆಡುವವರು 71,968. ನಮ್ಮ ರಾಜ್ಯಗಳ ಲೆಕ್ಕವಲ್ಲ ಇದು. ಒಂದು ಇಡೀ ರಾಷ್ಟ್ರದ ಲೆಕ್ಕ.

ಅದೇ ಬ್ರಿಟಿಷ್ ದ್ವೀಪಗಳಲ್ಲಿ ವೇಲ್ಸ್ ಎಂಬ ಇನ್ನೊಂದು ನಾಡುಂಟು. ಇಂಗ್ಲೆಂಡಿನ ಮಗ್ಗುಲಲ್ಲಿಯೇ ಇದ್ದು, 16ನೆಯ ಶತಮಾನದಲ್ಲಿಯೇ ಅದರಲ್ಲಿ ಸೇರಿಹೋಯಿತು. 1999ರ ವರೆಗೆ ಅದಕ್ಕೆ ಸ್ವಂತ ಶಾಸನಸಭೆಯೂ ಇರಲಿಲ್ಲ. ಶಾಲೆಗಳಲ್ಲಿ ಅಲ್ಲಿಯೂ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡನ್ನು ಕಟ್ಟುತ್ತಿದ್ದರು. ಆದರೂ 2021ರ ಗಣತಿಯಲ್ಲಿ ಅಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ, ನೂರಕ್ಕೆ ಹದಿನೆಂಟರ ಹತ್ತಿರ. ದಿನನಿತ್ಯದ ಬಳಕೆಯಲ್ಲಿ ಅದು ಐರಿಷಿಗಿಂತ ಎಷ್ಟೋ ಗಟ್ಟಿ. ಕಾರಣವೇನು? 1588ರಲ್ಲಿ ವಿಲಿಯಂ ಮಾರ್ಗನ್ ಎಂಬ ಪಾದ್ರಿ ಬೈಬಲನ್ನು ಪೂರ್ತಿಯಾಗಿ ವೆಲ್ಷಿಗೆ ತಂದ. 18ನೆಯ ಶತಮಾನದಲ್ಲಿ ಗ್ರಿಫಿತ್ ಜೋನ್ಸ್ ಎಂಬವನು ಊರಿಂದೂರಿಗೆ ಸಾಗುವ ಶಾಲೆಗಳನ್ನು ನಡೆಸಿ, ರೈತರಿಗೂ ಅವರ ಮಕ್ಕಳಿಗೂ ಅವರ ನುಡಿಯಲ್ಲಿಯೇ ಓದು ಕಲಿಸಿದ. ಊರೂರಿನ ಪ್ರಾರ್ಥನಾಮಂದಿರದಲ್ಲಿ ಹಾಡು ವೆಲ್ಷ್, ಉಪದೇಶ ವೆಲ್ಷ್. ಕವಿಗಳೂ ಗಾಯಕರೂ ಸೇರುವ ಅವರ ಐಸ್ಟೆಡ್‌ವಡ್ ಎಂಬ ಮೇಳದ ಪ್ರಧಾನೋತ್ಸವದಲ್ಲಿ ಇಂದಿಗೂ ವೆಲ್ಷೇ ವ್ಯವಹಾರದ ನುಡಿ. ರಾಜ್ಯ ಕೊಡದಿದ್ದುದನ್ನು ಓದುವ ಮನೆಯೂ ಹಾಡುವ ಮಂದಿರವೂ ಕೊಟ್ಟುವು. ಕಾರಣ ಇವಷ್ಟೇ ಎಂದು ನಾನು ಹೇಳಲಾರೆ. ಐರ್ಲೆಂಡಿನಂತಹ ಕ್ಷಾಮ ವೇಲ್ಸಿಗೆ ಬರಲಿಲ್ಲ. ಕಲ್ಲಿದ್ದಲ ಗಣಿಗಳು ಜನರನ್ನು ನಾಡಿನೊಳಗೇ ಇರಿಸಿದುವು. ಆದರೂ ಪಾಠ ನಮಗೆ ಸ್ಪಷ್ಟವಾಗಿದೆ.

ಈಗ ನಮ್ಮ ಕಡಂಬಾರು, ಕೋಳ್ಯೂರು, ಮೀಯಪದವುಗಳನ್ನು ನೋಡೋಣ. ಭಜನಾಮಂದಿರ ನಮ್ಮಲ್ಲಿಲ್ಲವೆ? ತಾಳಮದ್ದಳೆಯಲ್ಲಿ ಇರುಳಿಡೀ ಶುದ್ಧ ಕನ್ನಡದಲ್ಲಿ ವಾದಿಸುವ ಅರ್ಥಧಾರಿಗಳಿಲ್ಲವೆ? ಮನೆಯಲ್ಲಿ ತುಳು ಮಾತಾಡುವ ಕೃಷಿಕನು ರಂಗಸ್ಥಳದಲ್ಲಿ ವ್ಯಾಕರಣಬದ್ಧವಾದ ಕನ್ನಡದಲ್ಲಿ ಕೃಷ್ಣನಾಗುವುದು ಪ್ರಪಂಚದ ಬೇರಾವ ಮೂಲೆಯಲ್ಲಿ ಉಂಟು? ಇವೆಲ್ಲವೂ ನಮ್ಮಲ್ಲಿವೆ. ಕೊರತೆಯಾಗುತ್ತಿರುವುದು ಬೇರೊಂದು ಕಡೆ. ಕನ್ನಡ ಶಾಲೆಯ ಒಂದನೆಯ ತರಗತಿಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಮಹಾಜನ ವರದಿ ಜಾರಿಯಾಗಬೇಕೆಂದು ಸಭೆಯಲ್ಲಿ ಗಟ್ಟಿಯಾಗಿ ಹೇಳಿ, ಮರುದಿನ ಬೆಳಿಗ್ಗೆ ಮಗುವನ್ನು ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸಿಗೆ ಹತ್ತಿಸುವವರು ನಮ್ಮಲ್ಲಿಲ್ಲವೆ? ಅವರನ್ನು ನಾನು ಹಳಿಯುವುದಿಲ್ಲ. ಐರ್ಲೆಂಡಿನಲ್ಲಿ ಮಗುವಿನ ಕೋಲಿನ ಮೇಲೆ ಗೀರು ಹಾಕಿದ ತಂದೆಯೂ ಮಗುವಿನ ಒಳಿತನ್ನೇ ಬಯಸಿದ್ದನು. ಆದರೆ ಅವನ ಮೊಮ್ಮಕ್ಕಳು ಆ ಭಾಷೆಗಾಗಿ ಸಂಘ ಕಟ್ಟಬೇಕಾಯಿತು. ಮರಿಮಕ್ಕಳು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾಯಿತು. ಇಷ್ಟನ್ನು ಮಾತ್ರ ನೆನಪಿಸುತ್ತೇನೆ.

ನಮ್ಮ ಸಂಘಕ್ಕೆ ನನ್ನ ಎರಡು ಬಿನ್ನಹಗಳುಂಟು. ಒಂದು, ನಮ್ಮ ಊರುಗಳ ಚರಿತ್ರೆಯನ್ನು ಬರೆಯಿಸಬೇಕು. 1956ನ್ನು ಕಂಡ ಹಿರಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಉಂಟು. ಅವರ ಮಾತನ್ನು ಇಂದೇ ಬರೆದುಕೊಳ್ಳದಿದ್ದರೆ ನಾಳೆ ಕೇಳಲು ಯಾರೂ ಇರುವುದಿಲ್ಲ. ಬರೆಯುವಾಗ ಕನ್ನಡದವರನ್ನು ಮಾತ್ರವಲ್ಲ, ಮಲಯಾಳಿ ಹಿರಿಯರನ್ನೂ ಬ್ಯಾರಿ ಹಿರಿಯರನ್ನೂ ಕೇಳಬೇಕು. ಅವರ ಉತ್ತರ ನಮಗೆ ಹಿತವಾಗದಿದ್ದರೂ ಬರೆದುಕೊಳ್ಳಬೇಕು. ಎರಡು, ಮುಂದಿನ ವಾರ್ಷಿಕೋತ್ಸವದೊಳಗೆ ನಮ್ಮ ಒಬ್ಬೊಬ್ಬ ಸದಸ್ಯರೂ ಒಂದೊಂದು ಮಗುವಾದರೂ ಕನ್ನಡ ಶಾಲೆಯ ಮೆಟ್ಟಿಲೇರುವಂತೆ ನೋಡಿಕೊಳ್ಳಬೇಕು. ಗಡಿಯ ತೀರ್ಪು ದಿಲ್ಲಿಯಲ್ಲಿ ಆಗತಕ್ಕದ್ದು. ಈ ತೀರ್ಪು ನಮ್ಮ ಜಗಲಿಯಲ್ಲಿಯೇ ಆಗತಕ್ಕದ್ದು.

ಕೊನೆಗೆ ಆ ಹುಡುಗಿಯ ಪ್ರಶ್ನೆ. ಇಂಗ್ಲಿಷಿನವನಿಗೂ ಐರಿಷನಿಗೂ ಭೇದವೇನು? ಮಗಾ, ಇಬ್ಬರೂ ಇಂಗ್ಲಿಷ್ ಮಾತಾಡುತ್ತಾರೆ. ಒಬ್ಬನಿಗೆ ಅದು ತಾಯಿ ಕೊಟ್ಟ ನುಡಿ. ಇನ್ನೊಬ್ಬನ ಮನೆಯಲ್ಲಿ ಅದು ತಾಯಿಯ ನುಡಿ ಹೊರಟುಹೋದ ಮೇಲೆ ಬಂದು ಕುಳಿತ ನುಡಿ. ಕಸಿನ್ಸರು ಆ ತೆರವನ್ನು ಬಲ್ಲವರಾಗಿದ್ದರು. ಆದುದರಿಂದಲೇ ಮೈಸೂರಿನ ತರುಣನೊಬ್ಬನಿಗೆ, ನಿನ್ನದರಲ್ಲಿ ಬರೆ ಎಂದರು. ನೀನು ಮುಂದೆ ಯಾವ ಊರಲ್ಲಿರುವೆಯೋ, ಯಾವ ಭಾಷೆಯಲ್ಲಿ ಸಂಬಳ ಪಡೆಯುವೆಯೋ ನಾನು ಬಲ್ಲವನಲ್ಲ. ಆದರೆ ನಿನ್ನ ಮಗು ನಿನ್ನನ್ನು, “ಅಮ್ಮಾ, ನಮಗೂ ಅವರಿಗೂ ಭೇದವೇನು?” ಎಂದು ಕೇಳುವ ದಿನ ಬಂದರೆ, ಆ ಪ್ರಶ್ನೆಯನ್ನು ಅದು ಕನ್ನಡದಲ್ಲಿಯೇ ಕೇಳುವಂತಾಗಲಿ.